ಆಮೆಗೆ ಮನೆಯೊಳಗೆ ಬಿಸಿಲು ಎಲ್ಲಿಂದ ತರೋದು?

ಗಂಗಾವತಿ ತಾಲೂಕಿನ ಹೇಮಗುಡ್ಡದಂಥ ಕಡೆ ಬಂಡೆಗಳು ಮಧ್ಯಾಹ್ನ ಕಾದರೆ ಸೂರ್ಯ ಮುಳುಗಿದ ಮೇಲೂ ಬಹಳ ಹೊತ್ತು ಬೆಚ್ಚಗಿರ್ತವೆ. ಹಲ್ಲಿ, ಓತಿಕ್ಯಾತ, ಆಮೆಗಳು ಬದುಕೋದೇ ಇಂಥ ಬಿಸಿಯಿಂದ. ನಮ್ಮ ಮೈ ಸುಮಾರು 37 ಡಿಗ್ರಿ ಬಿಸಿಯನ್ನು ತಾನೇ ಕಾಯ್ದುಕೊಳ್ತದೆ, ಆಮೆಗೆ ಅದು ಆಗೋದಿಲ್ಲ. ಅದರ ಮೈ ತಣ್ಣಗಾದ್ರೆ ತಿಂದದ್ದು ಜೀರ್ಣವಾಗಲ್ಲ, ರೋಗ ತಡೆಯುವ ಶಕ್ತಿಯೂ ಕುಗ್ತದೆ. ಆಮೆಗೆ ಊಟದಷ್ಟೇ ಬಿಸಿಯೂ ಮುಖ್ಯ.

ಮೊದಲು, ಯಾವ ಆಮೆ ಅಂತ ನೋಡೋಣ. ಬೆನ್ನ ಮೇಲೆ ಹಳದಿ ನಕ್ಷತ್ರದ ಗೆರೆಗಳಿರುವ ನಕ್ಷತ್ರ ಆಮೆ ನಮ್ಮ ಬಯಲುಸೀಮೆಯ ಕುರುಚಲು ಕಾಡಿನದು. ಹೊಸಪೇಟೆ ಹತ್ತಿರದ ದರೋಜಿ ಕರಡಿಧಾಮದಲ್ಲೂ ಇದೆ. ಮನೆಗೆ ತಂದ್ರೆ ಅದೃಷ್ಟ ಅಂತ ಕೆಲವರು ನಂಬ್ತಾರೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡಿನಿಂದ ತಂದು ಸಾಕೋದು ಅಪರಾಧ. 2019ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಅತಿ ಕಠಿಣ ನಿರ್ಬಂಧ ಬಂತು. ನಮ್ಮ ಕೆರೆ, ಹೊಲಗಳ ನೀರಾಮೆಗೂ ಕಾನೂನಿನ ರಕ್ಷಣೆ ಇದೆ. ಇವು ಕಂಡರೆ ಇದ್ದಲ್ಲೇ ಬಿಡೋಣ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸೋಣ.

ಈಗಾಗಲೇ ಅನೇಕ ಮನೆಗಳ ತೊಟ್ಟಿಯಲ್ಲಿರೋದು ಅಮೆರಿಕ ಮೂಲದ ಕೆಂಪು ಕಿವಿಯ ಸ್ಲೈಡರ್. ಅಂಗಡಿಯಲ್ಲಿ ಅಂಗೈಯಷ್ಟೂ ಇರದ ಈ ಮರಿ, ಹೆಣ್ಣಾದ್ರೆ 25 ಸೆಂಟಿಮೀಟರ್ ದಾಟಬಹುದು. ಚೆನ್ನಾಗಿ ನೋಡಿಕೊಂಡ್ರೆ 20 ವರ್ಷಕ್ಕೂ ಹೆಚ್ಚು ಬದುಕ್ತದೆ. ಅದಕ್ಕೆ ಬೇಕಾದ ಬಿಸಿಯ ಲೆಕ್ಕ ಹೀಗಿದೆ.

ನೀರು 24ರಿಂದ 27 ಡಿಗ್ರಿ ಇರಬೇಕು. ನೀರಿನಿಂದ ಮೇಲೆ ಹತ್ತಿ ಮೈ ಒಣಗಿಸಿಕೊಳ್ಳೋಕೆ ಒಂದು ಕಲ್ಲು ಬೇಕು. ಅದರ ಮೇಲೆ ಬಲ್ಬಿನ ಬಿಸಿ 32 ಡಿಗ್ರಿ ಆಸುಪಾಸು ಇದ್ರೆ ಸಾಕು. ಇನ್ನೊಂದು ತುದಿ ತಂಪಾಗೇ ಇರಲಿ, ಎಲ್ಲಿ ಕೂರಬೇಕು ಅಂತ ಆಮೆಯೇ ಆರಿಸಿಕೊಳ್ತದೆ. ರಾತ್ರಿ ಬಲ್ಬ್ ಆರಿಸಿ.

ಚಳಿಗಾಲದಲ್ಲಿ 40 ಲೀಟರ್ ನೀರನ್ನು 5 ಡಿಗ್ರಿ ಏರಿಸಬೇಕು ಅಂದುಕೊಳ್ಳೋಣ. 40 × 4186 × 5 ಅಂದ್ರೆ ಸುಮಾರು 8,37,000 ಜೂಲ್. 100 ವಾಟ್ ಹೀಟರ್‌ಗೆ ಇದಕ್ಕೆ 2 ಗಂಟೆ 20 ನಿಮಿಷ ಬೇಕು. ಗಾಜಿನಿಂದ ಸೋರಿಹೋಗೋ ಶಾಖ ಸೇರಿಸಿದ್ರೆ ಇನ್ನೂ ಹೆಚ್ಚು. ಥರ್ಮೋಸ್ಟಾಟ್ ಇರೋ ಹೀಟರ್ರೇ ತಗೊಳ್ಳಿ. ಅದು ನೀರಲ್ಲಿ ಮುಳುಗಿದ ಮೇಲೇ ಸ್ವಿಚ್ ಹಾಕಿ, ನೀರಿಗೆ ಕೈ ಹಾಕುವ ಮೊದಲು ಪ್ಲಗ್ ತೆಗೆಯಿರಿ. ಲೈನಿಗೆ ಆರ್‌ಸಿಸಿಬಿ ಇರಲೇಬೇಕು.

ಬಿಸಿ ಇದ್ದ ಮಾತ್ರಕ್ಕೆ ಬಿಸಿಲು ಸಿಕ್ಕ ಹಾಗಲ್ಲ. ಆಹಾರದ ಕ್ಯಾಲ್ಸಿಯಂ ಮೈಗೆ ಹತ್ತೋಕೆ ವಿಟಮಿನ್ ಡಿ3 ಬೇಕು, ಅದು ಚರ್ಮದಲ್ಲಿ ತಯಾರಾಗೋಕೆ ಯುವಿ-ಬಿ ಕಿರಣ ಬೇಕು. ಕಿಟಕಿ ಗಾಜು ಆ ಕಿರಣವನ್ನು ಬಹುಪಾಲು ತಡೆದುಬಿಡ್ತದೆ. ಗಾಜಿನ ಹಿಂದೆ ಇಟ್ಟ ಆಮೆಗೆ ಬೆಳಕು ಕಂಡರೂ ಚಿಪ್ಪು ಮೆತ್ತಗಾಗೋದು ಇದಕ್ಕೇ. ಬೆಳಗಿನ ನೇರ ಬಿಸಿಲಿಗೆ, ಪಕ್ಕದಲ್ಲಿ ನೆರಳಿಟ್ಟು, ಕಣ್ಣೆದುರಲ್ಲೇ ಸ್ವಲ್ಪ ಹೊತ್ತು ಬಿಡಿ. ಆಗದಿದ್ರೆ ಸರೀಸೃಪಗಳಿಗಂತಲೇ ಸಿಗೋ ಯುವಿ-ಬಿ ಟ್ಯೂಬ್ ಹಾಕಿ. ಅದು ಉರಿಯುತ್ತಿದ್ದರೂ ಕಿರಣ ಕ್ರಮೇಣ ಕಡಿಮೆಯಾಗ್ತದೆ, ಕಂಪನಿ ಹೇಳಿದ ಅವಧಿಗೆ ಬದಲಿಸಿ.

ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಒಂದೇ ಬದಿಗೆ ವಾಲಿ ತೇಲೋದು ಕಂಡರೆ ಶ್ವಾಸಕೋಶದ ಸೋಂಕಿರಬಹುದು. ಕಾಯದೆ ಪಶುವೈದ್ಯರ ಹತ್ತಿರ ಒಯ್ಯಿರಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೀರಿ. ಸಾಲ್ಮೊನೆಲ್ಲಾ ಸೋಂಕಿನ ಕಾರಣಕ್ಕೇ ಅಮೆರಿಕ 1975ರಲ್ಲಿ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧಿಸಿತು.

ಇಷ್ಟೆಲ್ಲ ಸಾಕಾಯ್ತು ಅಂತ ಸ್ಲೈಡರನ್ನು ಕೆರೆಗೋ ತುಂಗಭದ್ರೆಗೋ ಬಿಡಬೇಡಿ. ಅದು ನಮ್ಮ ನೀರಾಮೆಗಳ ಆಹಾರಕ್ಕೆ, ಬಿಸಿಲು ಕಾಯುವ ಜಾಗಕ್ಕೆ ಪೈಪೋಟಿ ಕೊಡ್ತದೆ, ರೋಗವನ್ನೂ ಹರಡಬಹುದು. ಸಾಕೋಕೆ ಸಿದ್ಧರಿರುವವರನ್ನು ಹುಡುಕಿ ಕೊಡಿ. ಇನ್ನೂ ಕೊಳ್ಳದವರು ತೊಟ್ಟಿಯ ಬೆಲೆ ಜತೆ 20 ವರ್ಷದ ಕರೆಂಟ್ ಬಿಲ್ಲನ್ನೂ ಲೆಕ್ಕ ಹಾಕಿ ನೋಡಿ.