ಸ್ನೋ ತೆಗೆಯುವುದು ವ್ಯಾಯಾಮವಲ್ಲ



ಮುಂಬೈ, ಪುಣೆ, ಚೆನ್ನೈ, ಹೈದರಾಬಾದಿನ ಎಷ್ಟೋ ಕನ್ನಡ ಮನೆಗಳಿಂದ ಅಪ್ಪ-ಅಮ್ಮಂದಿರು ಮಗಳ ಬಾಣಂತನಕ್ಕೆ, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಅಮೆರಿಕ, ಕೆನಡಾಕ್ಕೆ ಹೋಗುತ್ತಾರೆ. ಚಳಿಗಾಲವಾದರೆ ಮನೆ ಮುಂದೆ ಸ್ನೋ ಬಿದ್ದಿರುತ್ತದೆ. ಬೋಸ್ಟನ್, ಷಿಕಾಗೊದಂಥ ಊರುಗಳಲ್ಲಿ ಮನೆ ಮುಂದಿನ ಕಾಲುದಾರಿಯ ಸ್ನೋ ತೆಗೆಯುವುದು ಮನೆಯವರದೇ ಜವಾಬ್ದಾರಿ. ಅಳಿಯ ಆಫೀಸಿನ ಗಡಿಬಿಡಿಯಲ್ಲಿದ್ದಾಗ, "ಕೂತು ಕೂತು ಸಾಕಾಗಿದೆ, ನಾನೇ ತೆಗೀತೀನಿ, ವ್ಯಾಯಾಮನೂ ಆಗುತ್ತೆ" ಎಂದು ಮಾವನವರು ಸಲಿಕೆ ಹಿಡಿಯುತ್ತಾರೆ.

ಹೃದ್ರೋಗ ವೈದ್ಯನಾಗಿ ನನ್ನ ಮಾತು ಇಷ್ಟೇ: 55 ದಾಟಿದವರು, ಬಿಪಿ, ಶುಗರ್ ಇರುವವರು, ಸ್ಟೆಂಟ್ ಅಥವಾ ಬೈಪಾಸ್ ಆದವರು ಆ ಸಲಿಕೆ ಮುಟ್ಟಬೇಡಿ.

*ಏಕೆ?*

ಚಳಿಗೆ ರಕ್ತನಾಳಗಳು ಕುಗ್ಗಿ ಬಿಪಿ ಏರುತ್ತದೆ. ನಡೆಯುವಾಗ ಕಾಲು ದುಡಿಯುತ್ತದೆ, ಇಲ್ಲಿ ತೋಳು ದುಡಿಯುತ್ತದೆ. ತೋಳಿನ ಕೆಲಸ ಹೃದಯಕ್ಕೆ ಹೆಚ್ಚು ಭಾರ. ಸಲಿಕೆ ಎತ್ತುವಾಗ ಅರಿವಿಲ್ಲದೆ ಉಸಿರು ಬಿಗಿಹಿಡಿಯುತ್ತೇವೆ, ಬಿಪಿ ಮತ್ತೆ ಜಿಗಿಯುತ್ತದೆ. ಅಂದರೆ ಹೃದಯಕ್ಕೆ ಹೆಚ್ಚು ರಕ್ತ ಬೇಕಾದ ಹೊತ್ತಿನಲ್ಲೇ ಅದರ ನಾಳಗಳು ಬಿಗಿದಿರುತ್ತವೆ. ದಿನಾ ಐದು ಕಿಲೋಮೀಟರ್ ವಾಕಿಂಗ್ ಮಾಡುವವರಿಗೂ ಇದು ಹೊಸ ಪೆಟ್ಟೇ.

ಕೆನಡಾದ ಕ್ವಿಬೆಕ್ ಪ್ರಾಂತದ 1981ರಿಂದ 2014ರವರೆಗಿನ ದಾಖಲೆಗಳನ್ನು ಪರಿಶೀಲಿಸಿದಾಗ, 20 ಸೆಂಟಿಮೀಟರ್ ಸ್ನೋ ಬಿದ್ದ ಮರುದಿನ ಗಂಡಸರಲ್ಲಿ ಹೃದಯಾಘಾತದಿಂದ ಸಾಯುವ ಸಂಭವ ಸುಮಾರು ಮೂರನೇ ಒಂದರಷ್ಟು ಹೆಚ್ಚಿರುವುದು ಕಂಡುಬಂತು.

*ಏನು ಮಾಡಬೇಕು?*

1. ಅಲ್ಲಿರುವ ಮಕ್ಕಳೇ, ಈ ಕೆಲಸಕ್ಕೆ ಹಣ ಕೊಟ್ಟು ಜನ ಗೊತ್ತುಮಾಡಿ. ಅಪ್ಪ-ಅಮ್ಮ ಬರುವ ಮುಂಚೆಯೇ ಮಾಡಿ.

2. ಆರೋಗ್ಯವಂತರೂ ಎತ್ತುವುದಕ್ಕಿಂತ ತಳ್ಳಿ. ಸ್ವಲ್ಪ ಸ್ವಲ್ಪವೇ ತೆಗೆಯಿರಿ, ನಡುನಡುವೆ ಒಳಗೆ ಬಂದು ಕೂರಿ. ಹೊಟ್ಟೆತುಂಬ ಉಂಡ ಕೂಡಲೇ, ಸಿಗರೇಟ್ ಸೇದಿ ಹೋಗಬೇಡಿ. ಮೂಗು, ಬಾಯಿಗೆ ಮಫ್ಲರ್ ಇರಲಿ.

3. ಮೆಟ್ಟಿಲ ಮೇಲೆ ಐಸ್ ಕಟ್ಟಿದ್ದರೆ ಉಪ್ಪು ಹಾಕಿ. ಚಳಿ ತೀರಾ ಹೆಚ್ಚಿದ್ದರೆ ಉಪ್ಪು ಕೆಲಸ ಮಾಡದು, ಆಗ ಮರಳು ಹಾಕಿ. ಜೇಬಿನಿಂದ ಕೈ ತೆಗೆದು, ಪುಟ್ಟ ಹೆಜ್ಜೆ ಇಟ್ಟು ನಡೆಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ, ಏನೂ ಆಗಿಲ್ಲವೆನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು.

4. ಎದೆ ಹಿಂಡಿದಂತಾಗುವುದು, ನೋವು ತೋಳಿಗೆ ಅಥವಾ ದವಡೆಗೆ ಹರಿಯುವುದು, ತಣ್ಣನೆ ಬೆವರು, ಏದುಸಿರು, ಇವುಗಳಲ್ಲಿ ಯಾವುದಾದರೂ ಕಂಡರೆ 911ಕ್ಕೆ ಫೋನ್ ಮಾಡಿ. ಶುಗರ್ ಇರುವವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಬರಬಹುದು. ಇದನ್ನು ಗ್ಯಾಸ್ ಎಂದುಕೊಂಡು ಕಾಯಬೇಡಿ.

5. "ಇಲ್ಲಿ ಆಸ್ಪತ್ರೆ ಖರ್ಚು ಜಾಸ್ತಿ, ಮಕ್ಕಳಿಗೆ ಯಾಕೆ ತೊಂದರೆ" ಎಂದು ಹಿರಿಯರು ನೋವು ನುಂಗುತ್ತಾರೆ. ಆ ಸುಮ್ಮನಿರುವಿಕೆಯೇ ಅಪಾಯ. ಹಳೆಯ ಕಾಯಿಲೆಗೂ ಅನ್ವಯಿಸುವ ಪ್ರಯಾಣ ವಿಮೆ ಮಾಡಿಸಿ, ಅಗತ್ಯದಷ್ಟು ಮಾತ್ರೆ, ವೈದ್ಯರ ಚೀಟಿ ಜೊತೆಗಿಟ್ಟುಕೊಂಡೇ ವಿಮಾನ ಹತ್ತಿ.

ಮನೆ ಮುಂದಿನ ಸ್ನೋ ಒಂದು ದಿನ ತಡವಾಗಿ ತೆಗೆದರೆ ಹೆಚ್ಚೆಂದರೆ ದಂಡ ಕಟ್ಟಬಹುದು. ಹೃದಯದ ವಿಷಯದಲ್ಲಿ ಆ ಅವಕಾಶವಿಲ್ಲ. ಈ ಚಳಿಗಾಲ ಟಿಕೆಟ್ ಮಾಡಿಸಿರುವ ನಿಮ್ಮ ಬಂಧುಗಳಿಗೂ ಅವರ ಮಕ್ಕಳಿಗೂ ಇದನ್ನು ಕಳುಹಿಸಿ.