ನಮ್ಮ ತಾಳವಾಡಿ ಗುಂಪಿನಲ್ಲಿ ಮಾತು ತೆಗೆಯುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ನಮ್ಮ ವಾಟ್ಸಾಪ್ ಗುಂಪಿನಲ್ಲಿರುವ ಎಲ್ಲರಿಗೂ. ಬೆಟ್ಟದ ಮೇಲೆ ಬೇಸಾಯ ಮಾಡಿಕೊಂಡಿರುವವರಿಗೂ, ದುಡಿಮೆಗೆಂದು ಚಾಮರಾಜನಗರ, ಮೈಸೂರು, ಬೆಂಗಳೂರು, ತಿರುಪ್ಪೂರು ಸೇರಿದವರಿಗೂ. ಮೊಬೈಲಿನಲ್ಲಿ ಓದಲು ಕಷ್ಟಪಡುವ ಹಿರಿಯರು ಮನೆಯಲ್ಲಿದ್ದರೆ ಅವರಿಗೆ ಓದಿ ಹೇಳಿ.

ಮೊದಲ ಮಾತು ಎತ್ತಿದವರೇ ಆ ಮಾತಿಗೆ ಹೊಣೆ. ಕೆಳಗೆ ಬರುವ ನೂರು ಉತ್ತರಗಳು ಆ ಮೊದಲ ಮಾತಿನ ದಾರಿಯಲ್ಲೇ ಸಾಗುತ್ತವೆ. ಹಾಗಾಗಿ ವಿಷಯ ಹಾಕುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಗುಂಪಿನಲ್ಲಿ ಯಾರಾದರೂ ಇದಕ್ಕೆ ತಮ್ಮ ಕಣ್ಣಾರೆ ಕಂಡದ್ದನ್ನೋ ಕೈಯಾರೆ ಮಾಡಿದ್ದನ್ನೋ ಹೇಳಿ ಉತ್ತರ ಕೊಡಬಲ್ಲರೇ? ಕೊಡಬಲ್ಲರು ಅನ್ನಿಸಿದರೆ ಹಾಕಿ. ಅನ್ನಿಸದಿದ್ದರೆ ಹಾಕಬೇಡಿ.

ಮಾಡಬೇಕಾದ್ದು

ಆನೆ ಸುದ್ದಿಯನ್ನು ಪೂರ್ತಿ ಬರೆಯಿರಿ. "ಆನೆ ಬಂದದೆ ಕಣ್ರಪ್ಪ" ಎಂದಷ್ಟೇ ಹಾಕಿದರೆ ಇಡೀ ಫಿರ್ಕಾದ ಜನ ನಿದ್ದೆ ಕೆಡುತ್ತಾರೆ, ಎಚ್ಚರ ಆಗಬೇಕಾದವರಿಗೆ ಏನೂ ತಿಳಿಯುವುದಿಲ್ಲ. ಯಾವ ಊರು, ಯಾರ ತೋಟದ ಯಾವ ಕಡೆ, ಎಷ್ಟು ಹೊತ್ತಿಗೆ ಕಂಡಿತು, ಒಂಟಿ ಸಲಗವೋ ಹಿಂಡೋ, ಮರಿ ಇದೆಯೋ, ಯಾವ ದಿಕ್ಕಿಗೆ ಹೊರಟಿತು: ಇಷ್ಟೂ ಇರಲಿ. ಮೊದಲು ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ, ಆಮೇಲೆ ಗುಂಪಿಗೆ ಹಾಕಿ. ಆನೆ ಕಾಡಿಗೆ ಹತ್ತಿದ ಮೇಲೆ ಅದನ್ನೂ ಬರೆಯಿರಿ. ಸುದ್ದಿ ಶುರು ಮಾಡಿದವರೇ ಅದನ್ನು ಮುಗಿಸಬೇಕು. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ನಮ್ಮ ಹೊಲಗಳು ಅದರ ಅಂಚಿನಲ್ಲೇ ಇವೆ. ಕರುಪ್ಪನ್ ಎಂದು ಹೆಸರಾದ ಸಲಗವನ್ನು 2023ರ ಏಪ್ರಿಲ್‌ನಲ್ಲಿ ಅರಿವಳಿಕೆ ಕೊಟ್ಟು, ಕುಮ್ಕಿ ಆನೆಗಳನ್ನು ಕರೆಸಿ ಹಿಡಿದು ಸಾಗಿಸುವ ಹೊತ್ತಿಗೆ, ಬೆಳೆ ಕಾಯಲು ಹೋದವರು ಪ್ರಾಣ ಕಳೆದುಕೊಂಡಾಗಿತ್ತು. ರಾತ್ರಿ ಕಾವಲಿಗೆ ಹೋಗುವವರು ಚಪ್ಪಲಿ ಮೆಟ್ಟುವ ಮುನ್ನ ಈ ಗುಂಪನ್ನು ನೋಡುತ್ತಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ.

ಆನೆಯ ವೀಡಿಯೋ ಹಾಕಲೇಬೇಕೆಂದಿದ್ದರೆ ಮರುದಿನ ಹಾಕಿ. ಆ ಹೊತ್ತಿಗೇ ಹಾಕಿದರೆ ಹುಡುಗರು ಬೈಕ್ ಹತ್ತಿ ನೋಡಲು ಹೊರಡುತ್ತಾರೆ.

ಬೆಲೆ ಕೇಳುವಾಗ ಉತ್ತರಿಸುವವರಿಗೆ ಅನುಕೂಲ ಆಗುವಂತೆ ಕೇಳಿ. "ಕೋಸು ಏನು ರೇಟು?" ಅನ್ನುವುದಕ್ಕೆ ಹತ್ತು ಜನ ಹತ್ತು ಅಂಕಿ ಹೇಳುತ್ತಾರೆ, ಎಲ್ಲವೂ ಸರಿಯೇ ಇರಬಹುದು, ಯಾವುದೂ ನಿಮ್ಮ ಉಪಯೋಗಕ್ಕೆ ಬರುವುದಿಲ್ಲ. ಹೀಗೆ ಕೇಳಿ ನೋಡಿ: "ಇವತ್ತು ಬೆಳಿಗ್ಗೆ ಮೇಟುಪಾಳ್ಯಕ್ಕೆ ಎಲೆಕೋಸು ಹಾಕಿದವರು ಯಾರಿದ್ದೀರಿ? ಮೂಟೆ ಎಷ್ಟಕ್ಕೆ ಹೋಯಿತು? ಮೂಟೆಗೆ ಎಷ್ಟು ಕಿಲೋ? ಕಮಿಷನ್, ಬಾಡಿಗೆ ಎಷ್ಟು ಹಿಡಿದರು?" ಚಾಮರಾಜನಗರಕ್ಕೆ ಹಾಕಿದವರು ಬೇರೆ ಇರುತ್ತಾರೆ, ಅವರನ್ನು ಬೇರೆಯಾಗಿ ಕೇಳಿ. ಉತ್ತರ ಕೊಡುವವರು ಬಿಲ್ಲಿನ ಫೋಟೋ ಹಾಕಬಹುದು, ಆದರೆ ಹೆಸರು, ಫೋನ್ ನಂಬರು ಮುಚ್ಚಿ. ನನ್ನ ಮಟ್ಟಿಗೆ ಈ ಗುಂಪು ಬದುಕಿರಬೇಕಾದ್ದು ಇಂಥ ಪ್ರಶ್ನೆಗಳಿಗಾಗಿಯೇ. ಆಲೂಗಡ್ಡೆ, ಟೊಮೆಟೊ, ಅರಿಶಿನ, ಬಾಳೆ ಯಾವುದೇ ಇರಲಿ, ಬೆಳೆದವನಿಗೆ ದಲ್ಲಾಳಿಯ ಮಾತಲ್ಲದೆ ಇನ್ನೊಂದು ಮಾತು ಕೇಳಿಸಬೇಕು. ಅದು ಕೇಳಿಸುವ ಜಾಗ ಇದು.

ಘಾಟಿಯ ಸುದ್ದಿಗೆ ತಿರುವಿನ ಸಂಖ್ಯೆ ಹಾಕಿ. ದಿಂಬಂ ಘಾಟಿಯಲ್ಲಿ 27 ಹಿಮ್ಮುರಿ ತಿರುವುಗಳಿವೆ. "ಘಾಟಿ ಬಂದ್" ಎಂದು ಬರೆದರೆ ಕೆಳಗೆ ಆಸ್ಪತ್ರೆಗೆ ಹೊರಟವರು ವಾಪಸ್ ತಿರುಗುತ್ತಾರೆ. "ಇಂಥ ತಿರುವಿನಲ್ಲಿ ಲಾರಿ ಕೆಟ್ಟು ನಿಂತಿದೆ, ಕಾರು ಬೈಕು ಬಿಡುತ್ತಿದ್ದಾರೆ" ಎಂದರೆ ಅವರು ಮುಂದುವರಿಯುತ್ತಾರೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿ 10ರಿಂದ ಬಣ್ಣಾರಿ ಮತ್ತು ಕಾರಪಳ್ಳಂ ನಡುವೆ ರಾತ್ರಿ ಸಂಚಾರಕ್ಕೆ ತಡೆ ಬಂತು: ಭಾರಿ ಗಾಡಿಗಳಿಗೆ ಸಂಜೆ 6ರಿಂದ, ಹಗುರ ಗಾಡಿಗಳಿಗೆ ರಾತ್ರಿ 9ರಿಂದ, ಬೆಳಿಗ್ಗೆ 6ರವರೆಗೆ. ವಿನಾಯಿತಿ ಯಾರಿಗೆ, ಯಾವಾಗ ಎಂಬ ಮಾತು ಬಂದಾಗ ಚೆಕ್‌ಪೋಸ್ಟಿನಲ್ಲಿ ನಿಮಗೇ ಹೇಳಿದ್ದನ್ನು ಬರೆಯಿರಿ. ಇನ್ನೊಬ್ಬರು ಹೇಳಿದರಂತೆ ಎಂಬುದನ್ನು ಬಿಡಿ.

ಶಾಲೆಯ ವಿಷಯ ಧಾರಾಳವಾಗಿ ಎತ್ತಿ, ಕಾಗದ ಕೈಯಲ್ಲಿಟ್ಟುಕೊಂಡು ಎತ್ತಿ. ತಮಿಳುನಾಡಿನ ತಮಿಳು ಕಲಿಕಾ ಕಾಯ್ದೆ ಬಂದದ್ದು 2006ರಲ್ಲಿ. ಒಂದನೇ ತರಗತಿಯಿಂದ ವರ್ಷಕ್ಕೊಂದು ತರಗತಿಯಂತೆ ಏರಿ 2015-16ಕ್ಕೆ ಅದು ಹತ್ತನೇ ತರಗತಿ ಮುಟ್ಟಿತು. ಅಂದಿನಿಂದ ಕನ್ನಡ ಮಾಧ್ಯಮದ ಮಕ್ಕಳ ತಾಯಿತಂದೆಯರಿಗೆ ಪ್ರತಿ ಪರೀಕ್ಷೆಗೂ ಆತಂಕ. "ಕನ್ನಡ ಸಾಯುತ್ತಿದೆ, ಏಳಿ ಎದ್ದೇಳಿ" ಎಂಬ ಪೋಸ್ಟಿನಿಂದ ಆ ಆತಂಕ ಕಳೆಯುವುದಿಲ್ಲ. "ನಮ್ಮ ಊರಿನ ಶಾಲೆಗೆ ಈ ಸಲ ಕನ್ನಡ ಪಠ್ಯಪುಸ್ತಕ ಬಂತೇ? ನಿಮ್ಮೂರಿಗೆ?" ಎಂದು ಕೇಳಿ. ಊರೂರಿನವರು ಉತ್ತರಿಸಿದರೆ ಅದೇ ಒಂದು ಪಟ್ಟಿಯಾಗುತ್ತದೆ, ಆ ಪಟ್ಟಿ ಹಿಡಿದು ಅಧಿಕಾರಿಗಳ ಮುಂದೆ ನಿಲ್ಲಬಹುದು.

ಹಿರಿಯರನ್ನು ಮಾತಿಗೆಳೆಯಿರಿ. ದೀಪಾವಳಿ ಮುಗಿದೊಡನೆ ಗುಮಟಾಪುರದ ಗೊರೆಹಬ್ಬದ ಚಿತ್ರಗಳು ಲೋಕವೆಲ್ಲ ಹರಿದಾಡುತ್ತವೆ, ಸಗಣಿ ಎರಚಾಟ ನೋಡಿ ಹೊರಗಿನವರು ಬಾಯಿಗೆ ಬಂದದ್ದು ಬರೆಯುತ್ತಾರೆ. ಆ ಟೀಕೆಗಳನ್ನು ಇಲ್ಲಿಗೆ ತಂದು "ಏನಂತೀರಿ?" ಎಂದು ಕೇಳಬೇಡಿ. ಸಗಣಿ ಯಾರ ಮನೆಯಿಂದ ಬರುತ್ತದೆ, ಬೀರೇಶ್ವರನ ಗುಡಿಯ ಹತ್ತಿರ ಮೊದಲು ಏನು ಪೂಜೆ, ಚಾಡಿಕೋರನನ್ನು ಕತ್ತೆಯ ಮೇಲೆ ಕೂರಿಸುವುದು ಯಾಕೆ ಎಂದು ಕೇಳಿ. ಚಾಡಿ ಹೇಳುವವನನ್ನು ಮೆರವಣಿಗೆ ಮಾಡಿ ಊರಾಚೆ ಕಳಿಸುವ ಹಬ್ಬ ನಮ್ಮದು, ಇದು ಹೊರಗಿನ ಎಷ್ಟು ಜನಕ್ಕೆ ಗೊತ್ತು? ಅಜ್ಜಂದಿರಿಗೆ ಟೈಪ್ ಮಾಡಲು ಬಾರದಿದ್ದರೆ ಮೊಮ್ಮಕ್ಕಳು ದನಿ ಸಂದೇಶ ಹಾಕಿಸಲಿ. ಎಷ್ಟು ಉದ್ದವಿದ್ದರೂ ಅಡ್ಡಿಯಿಲ್ಲ.

ಮಾಡಬಾರದ್ದು

ಮಕ್ಕಳ ಕಳ್ಳರ ಸುದ್ದಿ ಹಾಕಬಾರದು. ಇದರಲ್ಲಿ ರಿಯಾಯಿತಿ ಇಲ್ಲ. 2018ರ ಮೇ ತಿಂಗಳಲ್ಲಿ ಇದೇ ಬಗೆಯ ಸಂದೇಶಗಳು ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ ಹರಿದಾಡಿದವು. ತಿರುವಣ್ಣಾಮಲೈ ಜಿಲ್ಲೆಯಲ್ಲಿ ದೇವಸ್ಥಾನಕ್ಕೆ ಹೊರಟಿದ್ದ ವೃದ್ಧೆಯೊಬ್ಬರನ್ನು ಜನ ಹೊಡೆದು ಕೊಂದರು. ಅದೇ ತಿಂಗಳು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿ ಬಂದವನೊಬ್ಬ ಸತ್ತ. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟ ಹೈದರಾಬಾದಿನ ಯುವಕನೊಬ್ಬ ಸತ್ತ. ಆ ಸಂದೇಶ ಕಳಿಸಿದವರಲ್ಲಿ ಬಹಳ ಮಂದಿ ಒಳ್ಳೆಯ ಮನಸ್ಸಿನಿಂದಲೇ, ಮಕ್ಕಳು ಸುರಕ್ಷಿತವಾಗಿರಲಿ ಎಂದೇ ಕಳಿಸಿದ್ದರು. ನಮ್ಮ ಬೆಟ್ಟಕ್ಕೆ ಬಟ್ಟೆ ಮಾರುವವರು, ಪಾತ್ರೆ ಮಾರುವವರು, ಕೂಲಿಗೆ ಬರುವವರು ಭಾಷೆ ಬಾರದೆ ಒಬ್ಬೊಬ್ಬರೇ ಅಲೆಯುತ್ತಿರುತ್ತಾರೆ. ಅನುಮಾನ ಬಂದರೆ ಪೊಲೀಸರಿಗೆ ಫೋನ್ ಮಾಡಿ, ಅಪರಿಚಿತರ ಫೋಟೋ ಇಲ್ಲಿ ಹಾಕಬೇಡಿ. ಹಾಕಿದವರನ್ನು ಆ ಕ್ಷಣವೇ ಗುಂಪಿನಿಂದ ತೆಗೆಯುತ್ತೇವೆ, ನೆಂಟರಾದರೂ ಸರಿ. ಸುಳ್ಳು ಸುದ್ದಿಯಿಂದ ಜನರಲ್ಲಿ ಭಯ, ದ್ವೇಷ ಎಬ್ಬಿಸುವುದು ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲಾಗಬಹುದಾದ ಅಪರಾಧ ಎಂಬುದೂ ತಿಳಿದಿರಲಿ.

ಎರಡು ಬಾಣದ ಗುರುತು ಇರುವ ಸಂದೇಶದಿಂದ ಮಾತು ಶುರು ಮಾಡಬೇಡಿ. ಅದು ಬಹಳ ಕೈ ದಾಟಿ ಬಂದದ್ದು ಎಂಬುದಕ್ಕೆ ಗುರುತು. ಅಂಥದ್ದನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಲು ಆಗುವಂತೆ 2020ರ ಏಪ್ರಿಲ್‌ನಲ್ಲಿ ಕಂಪನಿಯೇ ಕಡಿವಾಣ ಹಾಕಿದೆ. ಆ ಒಂದು ಕಡೆ ನಮ್ಮ ಗುಂಪು ಆಗುವುದು ಬೇಡ.

ಕಾವೇರಿಯನ್ನು ಚರ್ಚೆಗೆ ಎಳೆಯಬೇಡಿ. ಇದನ್ನು ಬರೆಯುವಾಗ ನನಗೂ ಸಂಕಟವಾಗುತ್ತದೆ, ನೀರಿನ ಮಾತು ಬೇಸಾಯಗಾರರು ಆಡದೆ ಇನ್ನಾರು ಆಡಬೇಕು? ಆದರೆ ನಮ್ಮ ಸ್ಥಿತಿ ನೋಡಿ. 1956ರ ನವೆಂಬರ್ 1ರಂದು ಗೆರೆ ಬಿದ್ದ ಮೇಲೆ ನಮ್ಮ ಮನೆಮಾತು ಕನ್ನಡ, ನಮ್ಮ ಗಾಡಿಯ ನಂಬರು ಟಿಎನ್. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಸುಟ್ಟಾಗ, ಬೆಂಕಿ ಹಚ್ಚುವವರು ಚಾಲಕನ ಮನೆಮಾತು ಯಾವುದೆಂದು ಕೇಳಿಕೊಂಡು ಹಚ್ಚಲಿಲ್ಲ. ನೀರಿನ ಹಂಚಿಕೆಯ ಬಗ್ಗೆ ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರಂದು ತೀರ್ಪು ಕೊಟ್ಟಿದೆ, 177.25 ಟಿಎಂಸಿ ಎಂಬ ಅಂಕಿ ಅಲ್ಲಿದೆ. ನಾವು ಇಲ್ಲಿ ಬರೆದು ಅದನ್ನು ಹೆಚ್ಚಿಸಲಾರೆವು, ಕಡಿಮೆ ಮಾಡಲಾರೆವು. ಗಲಾಟೆಯ ದಿನಗಳಲ್ಲಿ ಕೇಳಬೇಕಾದದ್ದು ಒಂದೇ: "ಪುಣಜನೂರು ದಾಟಿ ಬಸ್ ಹೋಗುತ್ತಿದೆಯೇ, ತರಕಾರಿ ಗಾಡಿ ಬಿಡುತ್ತಿದ್ದಾರೆಯೇ?"

ಗಾಜನೂರಿನವರನ್ನು ಆ ರಾತ್ರಿಯ ಬಗ್ಗೆ ಕೆದಕಬೇಡಿ. ಬೆಂಗಳೂರಿನಿಂದ ಹೊಸದಾಗಿ ಸೇರಿದವರು ಮೊದಲು ಎತ್ತುವ ವಿಷಯವೇ 2000ದ ಜುಲೈ 30, ಡಾ. ರಾಜ್‌ಕುಮಾರ್ ಅಪಹರಣ. ಅವರು 108 ದಿನ ಕಾಡಿನಲ್ಲಿದ್ದು ಬಂದ ಕಥೆ ನಾಡಿಗೇ ಗೊತ್ತಿದೆ. ನಾಡಿಗೆ ಅಷ್ಟಾಗಿ ಗೊತ್ತಿಲ್ಲದ್ದು ಆ ಕಾಲದಲ್ಲಿ ಕಾಡಂಚಿನ ಬಡವರು ಪಟ್ಟ ಪಾಡು. ವೀರಪ್ಪನ್ ಕಡೆಯವನೆಂದು ಒಬ್ಬರನ್ನು, ಪೊಲೀಸರ ಕಡೆಯವನೆಂದು ಇನ್ನೊಬ್ಬರನ್ನು ಹಿಡಿದು ಹಿಂಸಿಸಿದ ದಿನಗಳು ಅವು. ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ಮಾನವ ಹಕ್ಕು ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನೇ ಮಾಡಬೇಕಾಯಿತು. ನೊಂದ ಮನೆಗಳ ಮಕ್ಕಳು ಈ ಗುಂಪಿನಲ್ಲೂ ಇರಬಹುದು. ಅವರಾಗಿ ಹೇಳಿದರೆ ಕೇಳೋಣ. ಹೊತ್ತು ಕಳೆಯಲು ಕೆದಕುವ ವಿಷಯ ಅದಲ್ಲ. ಅಣ್ಣಾವ್ರ ಬಗ್ಗೆ ಮಾತಾಡಬೇಕೇ, ಅವರ ಹಾಡು, ಪಾತ್ರ, ಊರಿಗೆ ಬಂದಾಗ ಅವರು ಜನರೊಡನೆ ಬೆರೆಯುತ್ತಿದ್ದ ರೀತಿ, ಏನೆಲ್ಲ ಇದೆ.

ಬೇಲಿಗೆ ಮನೆಯ ಕರೆಂಟು ಕೊಡುವ ಉಪಾಯ ಇಲ್ಲಿ ಕೇಳಬಾರದು, ಹೇಳಲೂಬಾರದು. 2023ರ ಮಾರ್ಚ್‌ನಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಹತ್ತಿರ ಇಂಥ ಬೇಲಿಗೆ ಮೂರು ಆನೆಗಳು ಸತ್ತವು, ಎರಡು ಮರಿಗಳು ತಾಯಿಯಿಲ್ಲದೆ ಉಳಿದವು. ಅದೇ ತಂತಿ ಮನುಷ್ಯರನ್ನೂ ಕೊಲ್ಲುತ್ತದೆ. ಸೋಲಾರ್ ಬೇಲಿ, ಆನೆ ಕಂದಕ, ಬೆಳೆ ಪರಿಹಾರದ ಅರ್ಜಿ ಇವುಗಳ ಬಗ್ಗೆ ಬೇಕಾದಷ್ಟು ಕೇಳಿ.

ಯಾವ ಜಾತಿ, ಯಾವ ಪಕ್ಷ, ಯಾರ ಮಗಳು ಯಾರ ಜೊತೆ ಹೋದಳು, ಯಾರು ಸಾಲ ತೀರಿಸಿಲ್ಲ: ಇವು ಯಾವುವೂ ಬೇಡ. ಸಾವಿನ ಸುದ್ದಿಯನ್ನು ಮನೆಯವರೇ ಹಾಕಲಿ, ಅವರಿಗಿಂತ ಮೊದಲು ನೀವು ಹಾಕಬೇಡಿ. ಜೇನು ಎಲ್ಲಿದೆ, ಮಾಗಳಿ ಬೇರು ಎಲ್ಲಿ ಸಿಗುತ್ತದೆ ಎಂದು ಸೋಲಿಗರನ್ನು ಎಲ್ಲರೆದುರು ಕೇಳಬೇಡಿ, ಅದು ಅವರ ಅನ್ನ.

ಕೊನೆಗೆ, ಕೆಲಸದ ಮಾತು. ಒಂದು ಸಂದೇಶದಲ್ಲಿ ಒಂದೇ ವಿಷಯ ಇರಲಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವಾಗಲಿ, ತಮಿಳಾಗಲಿ, ತಪ್ಪು ಕಾಗುಣಿತವಾಗಲಿ ಅಡ್ಡಿಯಿಲ್ಲ, ಯಾರೂ ತಿದ್ದಲು ಹೋಗಬೇಡಿ. ಹೆಣ್ಣುಮಕ್ಕಳು ಮೊದಲ ಸಲ ಪ್ರಶ್ನೆ ಹಾಕಿದಾಗ ಅದನ್ನು ಬಿಟ್ಟು ಬೇರೆ ಮಾತು ತೆಗೆಯುವ ಚಾಳಿ ನಿಲ್ಲಬೇಕು, ಅವರಿಗೆ ಉತ್ತರ ಬರುವವರೆಗೆ ಹೊಸ ವಿಷಯ ಬೇಡ. ಉತ್ತರ ಸಿಕ್ಕಿದ ಮೇಲೆ "ಸಿಕ್ಕಿತು" ಎಂದು ಬರೆಯಿರಿ. ಅಡ್ಮಿನ್ ಅಳಿಸಿದ್ದನ್ನು ಮತ್ತೆ ಹಾಕಬೇಡಿ, ಯಾಕೆ ಅಳಿಸಿದಿರಿ ಎಂದು ಫೋನ್ ಮಾಡಿ ಕೇಳಿ, ಕಾರಣ ಹೇಳುತ್ತೇವೆ. ಬೇರೆ ರೀತಿಯಲ್ಲಿ ಹಾಕಬಹುದಾದ ವಿಷಯವಾದರೆ ಜೊತೆಗೆ ಕೂತು ಬರೆದುಕೊಡುತ್ತೇವೆ.