ಗಣಕದೊಳಗಿನ ಮಂಟಪ

ಗದಗಿನ ತ್ರಿಕೂಟೇಶ್ವರ ದೇವಾಲಯದ ಮಂಟಪದಲ್ಲಿ ನಾವು ಒಂದು ಸ್ವರವನ್ನು ಹಾಡಿ ನಿಲ್ಲಿಸಿದೆವೆನ್ನಿ. ಕಲ್ಲು ಶಬ್ದವನ್ನು ಬಹಳ ಕಡಿಮೆ ಹೀರುವುದರಿಂದ, ಗೋಡೆ, ಕಂಬ, ಛಾವಣಿಗಳಿಂದ ಹಿಂದಿರುಗಿದ ಅಲೆಗಳು ಬೇರೆಬೇರೆ ಕ್ಷಣಗಳಲ್ಲಿ ಕಿವಿಯನ್ನು ಸೇರುತ್ತವೆ. ಇದೇ ಅನುರಣನ. ವಿಜಯಪುರದ ಗೋಲಗುಮ್ಮಟದ ಪ್ರತಿಧ್ವನಿಗಳನ್ನು ಎಣಿಸಬಹುದು, ಇವನ್ನು ಎಣಿಸಲಾಗದು.

ಮೆತ್ತೆ ಹೊದಿಸಿದ ಧ್ವನಿಮುದ್ರಣ ಕೊಠಡಿಯಲ್ಲಿ ಹಾಡು ಒಣಗಿದಂತೆ ಕೇಳುವುದು. ಗಣಕದ ‘ರಿವರ್ಬ್ ಪ್ಲಗಿನ್’ ಅದಕ್ಕೆ ಕೃತಕ ಅನುರಣನವನ್ನು ಕೂಡಿಸುತ್ತದೆ. ಆದರೆ ಸೆಕೆಂಡಿನ 1/100 ಭಾಗಕ್ಕೊಮ್ಮೆ, ಒಂದೇ ಅಂತರದಲ್ಲಿ, ಧ್ವನಿಯನ್ನು ಮರುಕಳಿಸುತ್ತ ಹೋದರೆ 100 ಹರ್ಟ್ಸ್ ಮತ್ತು ಅದರ ಗುಣಕಗಳಷ್ಟೇ ಬಲಗೊಂಡು, ಗಾನಕ್ಕೆ ತಗಡಿನ ನಾದ ಬರುತ್ತದೆ. ಮರುಕಳಿಕೆಯ ಅಂತರಗಳು ಒಂದಕ್ಕೊಂದು ಹೊಂದದಿರಬೇಕು, ಸೆಕೆಂಡಿಗೆ ಸುಮಾರು 1000 ಮರುಕಳಿಕೆಗಳಿರಬೇಕು ಎಂದು 1962ರಲ್ಲಿ ಮ್ಯಾನ್‌ಫ್ರೆಡ್ ಶ್ರೋಡರ್ ತೋರಿಸಿದರು. ಬಲೂನೊಡೆದ ಸದ್ದಿಗೆ ಮಂಟಪವು ಕೊಟ್ಟ ಉತ್ತರವನ್ನೇ ಮುದ್ರಿಸಿಕೊಂಡು ಹಾಡಿಗೆ ಅನ್ವಯಿಸುವ ಪ್ಲಗಿನ್ನುಗಳೂ ಇವೆ. ಸಹಜತೆಯಲ್ಲಿ ನಾವು ಇವನ್ನೇ ಮೇಲೆನ್ನುತ್ತೇವೆ.